ಉಪ್ಪು ನೋಡುವ ನಾಲಿಗೆ

ಪೂಜೆಯ ವಿಷಯದಲ್ಲಿ ಮರುಳಸಿದ್ದಮ್ಮ ಸುಳ್ಳು ಹೇಳಿದಳೆಂದು ಹೊರಗಿನವರು ಯಾರಾದರೂ ಅಂದಿದ್ದರೆ ಆ ಬೀದಿಯಲ್ಲಿ ಅವರಿಗೆ ಕುಡಿಯುವ ನೀರೂ ಹುಟ್ಟುತ್ತಿರಲಿಲ್ಲ. ಆದರೆ ಅವಳು ಸುಳ್ಳು ಹೇಳಿದ್ದು ನಿಜ. ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡವಳು ಅವಳ ಸ್ವಂತ ಸೊಸೆ ತೇಜಸ್ವಿನಿ.

ಯುಗಾದಿ ಕಳೆದು ಬಿಸಿಲು ಬಲಿತಿದ್ದ ಕಾಲ. ಹೊಸದುರ್ಗದ ಕಡೆಯ ಬಿಸಿಲನ್ನು ಗಂಡಸರು ಬೈದು ಮುಗಿಸುತ್ತಾರೆ, ಹೆಂಗಸರು ಬಳಸಿ ಮುಗಿಸುತ್ತಾರೆ. ಶ್ರೀರಾಂಪುರದಿಂದ ಒಂದಿಷ್ಟು ದೂರದ ಆ ಊರಿನಲ್ಲಂತೂ, ಪುಕ್ಕಟೆ ಸಿಗುವ ಬಿಸಿಲು ಖಾಲಿ ಮಾಳಿಗೆಯ ಮೇಲೆ ಬಿದ್ದು ಹಾಳಾಗುವುದನ್ನು ನೋಡಿದರೆ ಹೆಂಗಸರ ಹೊಟ್ಟೆ ಉರಿಯುತ್ತದೆ. ಹುಣಸೆಹಣ್ಣು ಒಣಗಬೇಕು, ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಒಣಗಬೇಕು, ಹಳೆಯ ಸೀರೆಗಳನ್ನು ಒಗೆದು ಕೌದಿಗೆಂದು ಕತ್ತರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸಂಡಿಗೆ ಆಗಬೇಕು. ಬಿಸಿಲೇರುವ ಮುಂಚೆ ದೊಡ್ಡ ಪಾತ್ರೆಯಲ್ಲಿ ಅಕ್ಕಿಹಿಟ್ಟಿನ ಗಂಜಿ ಕುದಿಸಿ, ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಹುಳಿ ಮಜ್ಜಿಗೆ ಬೆರೆಸಿ, ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಸೌಟಿನಲ್ಲಿ ಸಾಲುಸಾಲಾಗಿ ಬಿಡುತ್ತಾರೆ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಬೀದಿಯ ಹೆಂಗಸರೆಲ್ಲ ಎಲ್ಲರ ಮನೆಗೂ ಮುಯ್ಯಾಳು. ನೀನು ನನಗೆ ದುಡಿದರೆ ನಾನು ನಿನಗೆ ದುಡಿಯುತ್ತೇನೆ, ಅಷ್ಟೇ. ಅಂಚು ಗರಿಯಾಗಿ ನಡು ಇನ್ನೂ ಮೆತ್ತಗಿರುವ ಸಂಡಿಗೆಯನ್ನು ಕದ್ದು ತಿನ್ನುವ ಸುಖ ಮಕ್ಕಳ ಪಾಲಿನದು. ದೊಡ್ಡವರೂ ಕದಿಯುತ್ತಾರೆ, ಬೈಗುಳ ಮಾತ್ರ ಮಕ್ಕಳಿಗೆ.

ಆ ಬೀದಿಗೆ ಇನ್ನೊಂದು ರೂಢಿಯಿತ್ತು. ಮರುಳಸಿದ್ದಮ್ಮ ಉಪ್ಪು ನೋಡಿ "ಬಿಡ್ರಿ" ಅನ್ನುವವರೆಗೆ ಯಾರ ಮನೆಯಲ್ಲೂ ಒಂದು ತೊಟ್ಟು ಗಂಜಿ ಪಂಚೆಯ ಮೇಲೆ ಬೀಳುತ್ತಿರಲಿಲ್ಲ. ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರನ್ನೂ ಹಾಕದ ಹೆಂಗಸು ಅವಳು. ಹಾಗಾಗಿ ಸಂಡಿಗೆಯ ದಿನ ಎಲ್ಲರಿಗಿಂತ ಮೊದಲು ಎದ್ದು, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದಳು. ಎಡಗೈಯ ಹಿಂಬದಿಗೆ ಒಂದು ತೊಟ್ಟು ಗಂಜಿ ಬಿಟ್ಟುಕೊಂಡು, ಊದಿ, ನೆಕ್ಕಿ, ಕಣ್ಣು ಮುಚ್ಚುತ್ತಿದ್ದಳು. ಆ ಹೊತ್ತಿನಲ್ಲಿ ಎದುರು ಮನೆಯ ಯಲ್ಲಕ್ಕ ಕೂಡ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಯಲ್ಲಕ್ಕನ ಬಾಯಿಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾಗಿಲ್ಲ.

ತೇಜಸ್ವಿನಿ ಚಿತ್ರದುರ್ಗದ ಪೇಟೆಯ ಹುಡುಗಿ. ಅವಳ ತವರಿನಲ್ಲಿ ಸಂಡಿಗೆ ಎಂದರೆ ಅಂಗಡಿಯ ಪ್ಯಾಕೆಟ್ಟು, ಬೇಸಿಗೆ ಎಂದರೆ ಫ್ಯಾನಿನ ಕೆಳಗೆ ಮಲಗುವುದು. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಪ್ರತಿ ಬೇಸಿಗೆಯೂ ಅವಳಿಗೆ ಬೆರಗೇ. ಅಕ್ಕಿ ತೊಳೆದ ನೀರನ್ನು ಹಸುವಿಗೇ ಯಾಕೆ ಇಡಬೇಕು? ಹುಣಸೆಬೀಜವನ್ನು ಯಾಕೆ ಚೆಲ್ಲಬಾರದು? ಅದು ಕುರುಬರ ಹಾಲಸ್ವಾಮಿಗಂತೆ; ಅರೆದು ಗಂಜಿ ಮಾಡಿ ಕಂಬಳಿಗೆ ಬಳಿದರೆ ಕಂಬಳಿ ಗಟ್ಟಿಯಾಗುತ್ತದಂತೆ. ಒಣಗಿದ ಸಂಡಿಗೆ ಕೀಳುವಾಗ ಪಂಚೆಯ ಹಿಂಬದಿಗೆ ಯಾಕೆ ನೀರು ಚಿಮುಕಿಸುತ್ತಾರೆ? ಕೇಳಿ ಕೇಳಿ ಅವಳಿಗೆ ದಣಿವಿರಲಿಲ್ಲ, ಹೇಳಿ ಹೇಳಿ ಅತ್ತೆಗೆ ಬೇಸರವಿರಲಿಲ್ಲ. ಗಂಡ ಗುರುರಾಜನಿಗೆ ಶ್ರೀರಾಂಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. "ನಿನ್ನ ಯಾಕೆಗಳನ್ನೆಲ್ಲ ಮಾಳಿಗೆ ಮೇಲೆ ಒಣಗಿಸಿಟ್ರೆ ಮಳೆಗಾಲಕ್ಕೆಲ್ಲ ಆಗ್ತವೆ ನೋಡು" ಎಂದು ರೇಗಿಸುತ್ತಿದ್ದ.

ಅವತ್ತು ಆ ಬೇಸಿಗೆಯ ಮೊದಲ ಸಂಡಿಗೆ, ಅದೇ ಬೀದಿಯ ಅಜ್ಜಪ್ಪನ ಮನೆಯ ಸರದಿ. ಗಂಜಿ ಹದಕ್ಕೆ ಬಂದು ಪುಳುಕ್ ಪುಳುಕ್ ಅನ್ನುತ್ತಿತ್ತು. ಅಜ್ಜಪ್ಪನ ಹೆಂಡತಿ ರೂಢಿಯಂತೆ ಸೌಟನ್ನು ಮರುಳಸಿದ್ದಮ್ಮನ ಮುಂದೆ ಹಿಡಿದಳು. ಮರುಳಸಿದ್ದಮ್ಮ ಕೈ ಚಾಚಲಿಲ್ಲ.

"ಅಯ್ಯೋ, ನಂದಿನ್ನೂ ಪೂಜೆ ಆಗಿಲ್ಲ ಕಣ್ರೆ. ಎದ್ದಿದ್ದೇ ತಡ ಆತು. ತೇಜು, ಇವತ್ತು ನೀನೇ ನೋಡು."

ತೇಜಸ್ವಿನಿ ಗಕ್ಕನೆ ಅತ್ತೆಯ ಮುಖ ನೋಡಿದಳು. ಪೂಜೆಗೆ ನೀರು ತಂದಿಟ್ಟವಳು ಅವಳೇ, ಪತ್ರೆ ಕೊಟ್ಟವಳು ಅವಳೇ. ಬೆಳಗ್ಗೆ ಢಾಳಾಗಿದ್ದ ವಿಭೂತಿ ಈಗ ಹಣೆಯ ಮೇಲೆ ಇರಲಿಲ್ಲ. ಬಲಹುಬ್ಬಿನ ಕೊನೆಯಲ್ಲಿ ಮಾತ್ರ ಸೆರಗಿಗೆ ಸಿಕ್ಕದ ಒಂದಿಷ್ಟು ಬಿಳುಪು ಉಳಿದುಕೊಂಡಿತ್ತು. ದಾರಿಯಲ್ಲಿ ಒರೆಸಿಕೊಂಡಿದ್ದಾಳೆ! ಅತ್ತೆ, ವಿಭೂತಿಯನ್ನು, ಬೇಕೆಂದೇ ಒರೆಸಿಕೊಂಡಿದ್ದಾಳೆ. ಎಲ್ಲರೂ ಕಾಯುತ್ತಿದ್ದರು. ಅವಳು ಗಂಜಿ ನೆಕ್ಕಿದಳು, ಸಪ್ಪೆ ಅನ್ನಿಸಿತು, ಇನ್ನೊಂದು ಹಿಡಿ ಉಪ್ಪು ಹಾಕಿಸಿದಳು, ಮತ್ತೆ ನೆಕ್ಕಿ "ಈಗ ಸರಿಯಾಗಿದೆ" ಅಂದಳು.

ಸರಿಯಾಗಿತ್ತು ನಿಜ, ಗಂಜಿಗೆ. ಒಣಗಿದ ಮೇಲೆ ಕರಿದು ನೋಡಿದರೆ ಬಾಯಿಗಿಡುವ ಹಾಗಿರಲಿಲ್ಲ. ಅಜ್ಜಪ್ಪನ ಹೆಂಡತಿ ಒಳ್ಳೆಯವಳು, ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದಳು. ಯಲ್ಲಕ್ಕ ಯಾಕೆ ಸುಮ್ಮನಿರುತ್ತಾಳೆ?

"ಇದೇನ್ ಸಂಡಿಗೆನೋ ಉಪ್ಪಿನ ಹರಳೋ? ಸಿದ್ದಕ್ಕ, ಬರೋ ಸೋಮವಾರ ನಮ್ಮ ಮನೇದು. ಅನುಸೂಯನ ಮದುವೆ ಸಂಡಿಗೆ, ಬೀಗರ ಮನೆಗೆ ಹೋಗಬೇಕಾದ್ದು. ಅವತ್ತು ಪೂಜೆ ಗೀಜೆ ಎಲ್ಲ ಮುಗಿಸ್ಕಂಡು ನೀನೇ ಬರಬೇಕು. ನಿನ್ನ ಸೊಸೆ ನಾಲಿಗೆ ನಂಬ್ಕಂಡ್ರೆ ನನ್ನ ಮಗಳು ಹೋದ ದಾರೀಲೇ ವಾಪಸ್ ಬರ್ತಾಳೆ."

ತೇಜಸ್ವಿನಿಗೆ ನಾಚಿಕೆಯಾಯಿತು, ಕೋಪವೂ ಬಂತು. ಆದರೆ ಅವೆರಡಕ್ಕಿಂತ ಕುತೂಹಲವೇ ದೊಡ್ಡದಾಗಿತ್ತು. ಅವಳ ಜಾಯಮಾನವೇ ಅದು. ಉಪ್ಪಿನ ಲೆಕ್ಕ ಅವಳಿಗೆ ಪಾತ್ರೆ ತಿಕ್ಕುವಾಗಲೇ ಹೊಳೆಯಿತು: ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಗಂಜಿ ಸಪ್ಪೆಯಾಗಿಯೇ ಇರಬೇಕು. ಎಷ್ಟು ಸಪ್ಪೆ ಎನ್ನುವುದನ್ನು ಬಲ್ಲ ನಾಲಿಗೆ ಅತ್ತೆಯದು. ಹಾಗಿದ್ದ ಮೇಲೆ ಆ ನಾಲಿಗೆಯನ್ನು ಅವಳು ಬಚ್ಚಿಟ್ಟುಕೊಂಡದ್ದು ಯಾಕೆ?

ಇನ್ನೂ ವಿಚಿತ್ರವೆಂದರೆ, ಹೇಳಿದ ಸುಳ್ಳಿಗೆ ಅತ್ತೆ ತಾನೇ ದಂಡ ತೆತ್ತಿದ್ದಳು. ಪೂಜೆ ಆಗಿಲ್ಲ ಎಂದ ಮೇಲೆ ಅಜ್ಜಪ್ಪನ ಮನೆಯಲ್ಲಿ ಎಲ್ಲರಿಗೂ ಕೊಟ್ಟ ಉಪ್ಪಿಟ್ಟು ಮುಟ್ಟುವಂತಿಲ್ಲ, ಮಜ್ಜಿಗೆ ಕುಡಿಯುವಂತಿಲ್ಲ. ಸುಡುವ ಮಾಳಿಗೆಯ ಮೇಲೆ ಮಧ್ಯಾಹ್ನದವರೆಗೂ ಬಾಯಿ ಒಣಗಿಸಿಕೊಂಡು ಸಂಡಿಗೆ ಬಿಟ್ಟು, ಮನೆಗೆ ಬಂದು, ಮತ್ತೆ ಮಿಂದು, ಮತ್ತೆ ಪೂಜೆಗೆ ಕೂತಳು. ಆ ಸಲದ ಪೂಜೆ ಬಹಳ ಹೊತ್ತು ನಡೆಯಿತು.

ಅಂದಿನಿಂದ ತೇಜಸ್ವಿನಿ ಅತ್ತೆಯನ್ನು ಗಮನಿಸತೊಡಗಿದಳು. ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡುತ್ತಿರಲಿಲ್ಲ, ಗುರುರಾಜನ ಮುಖ ನೋಡುತ್ತಿದ್ದಳು. ಅವನು ಚಪ್ಪರಿಸಿದರೆ "ಸಾರು ಚೆನ್ನಾಗೈತೆ" ಅನ್ನುವಳು, ಅವನು ಮುಖ ಕಿವುಚಿದರೆ "ಒಸಿ ಹುಳಿ ಜಾಸ್ತಿ ಆತು" ಅನ್ನುವಳು. ಮೊದಲು ಉಪ್ಪಿನಕಾಯಿಯ ಜಾಡಿ ತೆಗೆದರೆ ವಾಸನೆಯಲ್ಲೇ ಅದರ ವಯಸ್ಸು ಹೇಳುತ್ತಿದ್ದವಳು ಈಗ ಜಾಡಿಯನ್ನು ಸೊಸೆಯ ಕೈಗೆ ಕೊಟ್ಟು "ನೋಡೇ" ಅನ್ನುತ್ತಿದ್ದಳು.

ಅನುಮಾನ ಬಂದ ಮೇಲೆ ಪರೀಕ್ಷೆ ಮಾಡದೆ ಬಿಡುವ ಹೆಣ್ಣಲ್ಲ ತೇಜಸ್ವಿನಿ. ಗುರುರಾಜ ಮನೆಯಲ್ಲಿದ್ದರೆ ಕೂಗಾಡಿ ಗುಟ್ಟು ಒಡೆಯುತ್ತಾನೆಂದು ಅವನು ಅಂಗಡಿಗೆ ಹೋದ ದಿನ ನೋಡಿ, ಸಾರಿಗೆ ಉಪ್ಪೇ ಹಾಕಲಿಲ್ಲ. ಮರುಳಸಿದ್ದಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಸುಮ್ಮನೆ ಉಂಡಳು. ಕೊನೆಗೆ ತೇಜಸ್ವಿನಿ ಮಜ್ಜಿಗೆಗೆ ಒಂದು ಚಮಚ ಉಪ್ಪು ಕದಡಿ ಲೋಟ ಮುಂದಿಟ್ಟಳು. ಅತ್ತೆ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ತಂಪಾತು" ಅಂದಳು.

ಗುಟ್ಟು ಸಿಕ್ಕಿದ ಖುಷಿ ಬರಬೇಕಿತ್ತು, ಬರಲಿಲ್ಲ. ವಯಸ್ಸಾದ ಹೆಂಗಸಿಗೆ ಉಪ್ಪುನೀರು ಕುಡಿಸಿ ಆಟ ನೋಡಿದೆನಲ್ಲ ಎಂದು ತೇಜಸ್ವಿನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಅವಳು ಖಾಲಿ ಲೋಟ ಹಿಡಿದು ಅಲ್ಲೇ ಕೂತುಬಿಟ್ಟಳು.

"ಅತ್ತೆ, ಸಾರಿಗೆ ಉಪ್ಪು ಹಾಕಿರಲಿಲ್ಲ. ಮಜ್ಜಿಗೆಗೆ ಒಂದು ಚಮಚ ಹಾಕಿದ್ದೆ. ಬೇಕು ಅಂತಲೇ ಮಾಡಿದೆ. ತಪ್ಪಾಯ್ತು."

ಮರುಳಸಿದ್ದಮ್ಮ ಬೈಯಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದಳು. ಇಷ್ಟು ದಿನ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಅವಳ ಹೆಗಲು ಇಳಿಯಿತು.

"ಕಾರ್ತೀಕದಾಗೆ ಜ್ವರ ಬಂದಿತ್ತಲ್ಲ, ಅವಾಗಿಂದ. ಜ್ವರ ಹೋತು, ನಾಲಿಗೇನೂ ತಗಂಡು ಹೋತು. ಏನಿಟ್ಕಂಡ್ರೂ ಬಾಯಾಗೆ ಅರಳೆ ಅಗಿದಂಗೆ ಐತೆ. ಮಾವಿನಕಾಯಿ ನೋಡಿದ್ರೆ ಬಾಯಾಗೆ ನೀರು ಬರುತ್ತೆ ಕಣೆ, ಕಚ್ಚಿದ್ರೆ ಏನೂ ಇಲ್ಲ."

"ಯಾಕತ್ತೆ ಹೇಳಲಿಲ್ಲ? ಚಿತ್ರದುರ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಬಹುದಿತ್ತು."

"ತೋರಿಸಾಣ ಬಿಡು. ಡಾಕ್ಟ್ರಿಗೆ ಹೇಳಾಕೆ ಹೆದರಿಕೆ ಇಲ್ಲ ನಂಗೆ. ಬೀದಿಯವರಿಗೆ ಹೇಳಾಕೆ. ನಿಮ್ಮ ಮಾವ ತೀರ್ಕಂಡ ವರ್ಷ ಇಲ್ಲಿ ಯಾರದೋ ಮದುವೆ ಸಂಡಿಗೆ. ಮದುವೆ ಸಂಡಿಗೆ ಮೊದಲ ಸಾಲು ಮುತ್ತೈದೇರು ಬಿಡಬೇಕು, ಅದಾಗೋತನ ನನ್ನಂಥೋರು ಆ ಕಡೆ ಸುಳೀಬಾರದು. ನಾನು ಮನೇಲಿ ಕುಂತಿದ್ದೆ. ಆಮೇಲೆ ಯಾರೋ ಓಡಿ ಬಂದ್ರು: ಗಂಜಿ ಆಗೈತೆ, ಉಪ್ಪು ನೋಡೋರಿಲ್ಲ, ಬಾ ಸಿದ್ದಕ್ಕ. ಅವಾಗಿಂದ ಎಲ್ಲಾರ ಮನೆ ಮದುವೆಗೂ ಒಲೆ ಮುಂದಕ್ಕೆ ನನ್ನೇ ಮೊದ್ಲು ಕರೀತಾರೆ. ನನ್ನ ಕರೀತಾರೆ ಅನ್ಕಂಡ್ಯ? ನಾಲಿಗೇನ ಕರೀತಾರೆ. ಅದೇ ಸತ್ತೋಗೈತೆ ಅಂದ್ರೆ ಸೋಮವಾರ ಯಲ್ಲಕ್ಕನ ಮನೆ ಹೊಸಲು ನಂಗೆ ಮುಚ್ಚಿದಂಗೆ."

ತೇಜಸ್ವಿನಿಗೆ ಈಗ ಎಲ್ಲ ಅರ್ಥವಾಯಿತು. ಅರ್ಥವಾದಷ್ಟೂ ಸಂಕಟವಾಯಿತು. ಅತ್ತೆಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಂಡಳು. ಆಮೇಲೆ, ಅವಳ ಬುದ್ಧಿ ಬಿಡಬೇಕಲ್ಲ, ಕೇಳಿಯೇಬಿಟ್ಟಳು: "ಗಂಜಿ ಎಷ್ಟು ಸಪ್ಪೆ ಇರಬೇಕು ಅತ್ತೆ? ನನ್ನ ನಾಲಿಗೆಗೆ ಹೇಗೆ ಗೊತ್ತಾಗಬೇಕು?"

ಮರುಳಸಿದ್ದಮ್ಮ ಯೋಚಿಸಿದಳು. ಇದನ್ನು ಈವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ನಮ್ಮವ್ವ ಹೇಳ್ತಿದ್ಲು. ಒಲೆ ಮುಂದೆ ಕುಂತಾಗ ಮೇಲ್ತುಟಿ ಮ್ಯಾಲೆ ಬೆವರು ಕೂಡುತ್ತಲ್ಲ, ಅದನ್ನ ನೆಕ್ಕಬೇಕು. ಆಮೇಲೆ ಬಾಯಿ ಮುಕ್ಕಳಿಸಿ ಗಂಜಿ ನೆಕ್ಕಬೇಕು. ಬೆವರಿಗಿಂತ ಒಂದು ಎಳೆ ಸಪ್ಪೆ ಇರಬೇಕು ಗಂಜಿ. ಬೆವರಿನಷ್ಟೇ ಆದ್ರೆ ಒಣಗಿದ ಮ್ಯಾಲೆ ಬಾಯಿಗಿಡಾಕಾಗಲ್ಲ."

ತೇಜಸ್ವಿನಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಎದ್ದು ಒಲೆ ಹಚ್ಚಿದಳು. ಹಿಂದಿನ ದಿನದ ಅನ್ನ ಮಿಕ್ಕಿತ್ತು. ಅದನ್ನೇ ಕಿವುಚಿ ಗಂಜಿ ಮಾಡಿ, ಒಲೆಯ ಮುಂದೆ ಬೆವರುವವರೆಗೆ ಕೂತು, ತುಟಿ ನೆಕ್ಕಿ, ಗಂಜಿ ನೆಕ್ಕಿ, ತಟ್ಟೆಯ ಮೇಲೆ ನಾಲ್ಕಾರು ಬೊಟ್ಟು ಬಿಟ್ಟು ಬಿಸಿಲಿಗಿಟ್ಟಳು. ಆ ವಾರವೆಲ್ಲ ಮನೆಯಲ್ಲಿ ಇದೇ ಕೆಲಸ. ಒಮ್ಮೆ ಉಪ್ಪಾಯಿತು, ಒಮ್ಮೆ ತೀರಾ ಸಪ್ಪೆಯಾಯಿತು. ಮಾಳಿಗೆಯ ಮೇಲೆ ಬೇವಿನ ನೆರಳು ಬೀಳುವ ಮೂಲೆಯಲ್ಲಿ ಅತ್ತೆ ಸೊಸೆ ಕೂತು, ಕಾಗೆಗೆ ಕೋಲು ಬೀಸುತ್ತ, ದೂರದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತ, ಅರೆ ಒಣಗಿದ ಬೊಟ್ಟುಗಳನ್ನು ಎಬ್ಬಿಸಿ ತಿನ್ನುತ್ತಿದ್ದರು. ಸೊಸೆ ರುಚಿ ಹೇಳುವಳು, ಅತ್ತೆ ಅಗಿಯುತ್ತ ಕೇಳಿಸಿಕೊಳ್ಳುವಳು. "ಜೀರಿಗೆ ಮುಂದೆ ಬರ್ತಿದೆ ಅತ್ತೆ, ಆಮೇಲೆ ಖಾರ, ಕೊನೆಗೆ ಸ್ವಲ್ಪ ಹುಳಿ." "ಹುಳಿ ಮಜ್ಜಿಗೇದಾ?" "ಹೂಂ, ಮಜ್ಜಿಗೇದು." ಹೇಳುವುದನ್ನು ಕೇಳಿಯೇ ಮರುಳಸಿದ್ದಮ್ಮನ ಮುಖ ಅರಳುತ್ತಿತ್ತು. ಇಷ್ಟು ಸುಖವಾದ ಬೇಸಿಗೆಯನ್ನು ತೇಜಸ್ವಿನಿ ಹಿಂದೆಂದೂ ಕಂಡಿರಲಿಲ್ಲ.

ಸೋಮವಾರಕ್ಕೆ ಇಬ್ಬರೂ ಸೇರಿ ಒಂದು ಹೂಟ ಹೂಡಿದರು. ಗಂಜಿ ತಿರುವುವ ನೆಪದಲ್ಲಿ ತೇಜಸ್ವಿನಿ ಮೊದಲೇ ಉಪ್ಪು ನೋಡುವುದು. ಸರಿಯಿದ್ದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು, ಬೇಕಿದ್ದರೆ ಮುಖ ಒರೆಸಿಕೊಳ್ಳುವುದು. ಅತ್ತೆ ಎಂದಿನಂತೆ ನೆಕ್ಕಿ, ಕಣ್ಣು ಮುಚ್ಚಿ, ಕಣ್ಣು ತೆರೆದಾಗ ಸೊಸೆಯ ಕಡೆ ನೋಡಿ ತೀರ್ಪು ಕೊಡುವುದು.

ಯಲ್ಲಕ್ಕನ ಅಡುಗೆಮನೆಯಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಮರುಳಸಿದ್ದಮ್ಮ ಹಣೆ ತುಂಬ ವಿಭೂತಿ ಧರಿಸಿ ಬಂದಿದ್ದಳು. ತೇಜಸ್ವಿನಿ ತಿರುವುತ್ತ ತಿರುವುತ್ತ ತುಟಿ ನೆಕ್ಕಿದಳು, ನೀರು ಮುಕ್ಕಳಿಸಿದಳು, ಗಂಜಿ ನೆಕ್ಕಿದಳು. ಬೆವರಿಗಿಂತ ಒಂದು ಎಳೆ ಸಪ್ಪೆ. ಇನ್ನೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಸೆರಗು ಸಿಕ್ಕಿಸಿ ನಿಂತಳು.

ಸೌಟು ತಂದು ಹಿಡಿದವಳು ಮದುಮಗಳು ಅನುಸೂಯ. ಬಗ್ಗಿ ಮರುಳಸಿದ್ದಮ್ಮನ ಕಾಲು ಮುಟ್ಟಿ ಅಂದಳು, "ಸರಿಯಾಗಿ ನೋಡಜ್ಜಿ. ನಮ್ಮ ಅತ್ತೆ ಭಾಳ ನಾಜೂಕಂತೆ. ಅವ್ರ ಮನೆಗೆ ನನಗಿಂತ ಮೊದ್ಲು ಹೋಗೋದು ಈ ಸಂಡಿಗೇನೇ."

ಮರುಳಸಿದ್ದಮ್ಮ ಎಡಗೈ ಹಿಂಬದಿಗೆ ಗಂಜಿ ಬಿಟ್ಟುಕೊಂಡಳು. ನೆಕ್ಕಿದಳು. ಕಣ್ಣು ಮುಚ್ಚಿದಳು. ಕಣ್ಣು ತೆರೆದು ಸೊಸೆಯ ಸೊಂಟ ನೋಡಿದಳು, ಸಿಕ್ಕಿಸಿದ ಸೆರಗು ನೋಡಿದಳು, ಆಮೇಲೆ ಕಾಲ ಬಳಿ ಇನ್ನೂ ಬಗ್ಗಿಯೇ ಇದ್ದ ಆ ಹುಡುಗಿಯನ್ನು ನೋಡಿದಳು. ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ನಂಗೆ ಗೊತ್ತಾಗ್ತಿಲ್ಲ ಕಣವ್ವ," ಅಂದಳು. "ನನ್ನ ನಾಲಿಗೆ ಸತ್ತು ಬಹಳ ದಿನ ಆತು. ಅಜ್ಜಪ್ಪನ ಮನೇಲಿ ಪೂಜೆ ಆಗಿಲ್ಲ ಅಂದಿದ್ದು ಸುಳ್ಳು. ಇವತ್ತೂ ಸುಳ್ಳು ಹೇಳಾಕೇ ಬಂದಿದ್ದೆ. ನಿನ್ನ ಬಾಳಿನ ವಿಷಯದಾಗೆ ಬಾಯಿ ಬರವಲ್ದು."

ಯಲ್ಲಕ್ಕ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವತ್ತು ಕರೀತಿದ್ಯೇನೆ?"

ಯಲ್ಲಕ್ಕ ಯಾವ ಮಾತಿಗೂ ಉತ್ತರ ಹುಡುಕಿದವಳಲ್ಲ. ಈಗ ಹುಡುಕಿದಳು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿರಬೇಕು, ಅದನ್ನು ನುಂಗಿದಳು.

"ಇಲ್ಲ ಸಿದ್ದಕ್ಕ. ಮದುವೆ ಕೆಲಸ, ಕರೀತಿರಲಿಲ್ಲ."

"ಏನ್ ಮಾತು ಅಂತ ಆಡ್ತಿ ಯಲ್ಲಕ್ಕ!" ಎಂದು ಅಜ್ಜಪ್ಪನ ಹೆಂಡತಿ ಗದರಿದಳು.

"ಇರೋದು ಹೇಳಿದೆ. ಅವಳೂ ಇರೋದೇ ಹೇಳಿದ್ಲಲ್ಲ."

ಮರುಳಸಿದ್ದಮ್ಮ ತಲೆಯಾಡಿಸಿದಳು. ಅವಳಿಗೆ ಬೇಸರವಾಗಲಿಲ್ಲವೆಂದರೆ ಅದು ಸುಳ್ಳು; ಆದರೆ ಗೊತ್ತಿದ್ದದ್ದೇ ಕಿವಿಗೆ ಬಿದ್ದಿತ್ತು. ಮೊಣಕಾಲಿಗೆ ಕೈಯೂರಿ ಎದ್ದು ಬಾಗಿಲ ಕಡೆ ಹೊರಟಳು. ತೇಜಸ್ವಿನಿಗೆ ತಡೆಯಲಾಗಲಿಲ್ಲ.

"ಉಪ್ಪು ಸರಿಯಾಗಿದೆ! ನಾನು ನೋಡಿದ್ದೀನಿ. ಅತ್ತೆ ಹೇಳಿಕೊಟ್ಟಿದ್ದು. ನಂಬಿಕೆ ಇಲ್ಲದಿದ್ರೆ ನೀವೇ ನೋಡ್ರಿ. ಮೊದ್ಲು ತುಟಿ ಮೇಲಿನ ಬೆವರು ನೆಕ್ಕಬೇಕು, ಆಮೇಲೆ ಗಂಜಿ. ಗಂಜಿ ಒಂದು ಎಳೆ ಸಪ್ಪೆ ಇರಬೇಕು."

"ಥೂ, ಬೆವರಾ?" ಅಂದಳು ಯಲ್ಲಕ್ಕ. ಆದರೆ ಅನುಸೂಯ ಆಗಲೇ ನಾಲಿಗೆ ಚಾಚಿ ಮೇಲ್ತುಟಿ ನೆಕ್ಕಿದ್ದಳು. ಅಜ್ಜಪ್ಪನ ಹೆಂಡತಿ ನೆಕ್ಕಿದಳು. ಒಬ್ಬಳಾದ ಮೇಲೆ ಒಬ್ಬಳು, ಅಡುಗೆಮನೆ ತುಂಬ ಹೆಂಗಸರು ದನಗಳ ಹಾಗೆ ತುಟಿ ನೆಕ್ಕುವುದೇನು, ನೀರು ಮುಕ್ಕಳಿಸುವುದೇನು, ಕೈಮೇಲೆ ಗಂಜಿ ಬಿಟ್ಟುಕೊಳ್ಳುವುದೇನು! ಕೊನೆಗೆ ಯಲ್ಲಕ್ಕನೂ, ಯಾರೂ ನೋಡದಂತೆ ಗೋಡೆಗೆ ಮುಖ ಮಾಡಿ ನೆಕ್ಕಿದಳು. ಎಲ್ಲರೂ ನೋಡಿದರು.

"ಹೌದಲ್ಲೇ!" ಅಂದಳು. ನಗುವಿನ ನಡುವೆ ತಿರುಗಿದರೆ ಮರುಳಸಿದ್ದಮ್ಮ ಹೊಸಲಾಚೆ ಚಪ್ಪಲಿ ಹುಡುಕುತ್ತಿದ್ದಳು.

"ಏಯ್ ಸಿದ್ದಕ್ಕ, ಎಲ್ಲಿಗೆ ಹೊಂಟೆ? ಗಂಜಿ ಆರ್ತೈತೆ ಇಲ್ಲಿ." ಯಲ್ಲಕ್ಕ ಸರಸರನೆ ಹೋಗಿ ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡು, ಮೆಟ್ಟಿಲು ಹತ್ತಿಸಿ, ಮಾಳಿಗೆಯ ಮೇಲೆ ಪಂಚೆಯ ಮುಂದೆ ಕೂರಿಸಿ, ಕೈಗೆ ಸೌಟು ತುರುಕಿದಳು. "ಮೊದಲ್ನೇದು ನೀನೇ ಬಿಡು."

"ನಿನ್ನ ಮಗಳ ಮದುವೆ ಸಂಡಿಗೆ ಕಣೆ. ನಾನು ಬಿಡಬಾರದು."

"ನನ್ನ ಮಗಳ ಮದುವೆ ಸಂಡಿಗೆ. ಯಾರು ಬಿಡಬೇಕು ಅಂತ ನಾನು ಹೇಳ್ತೀನಿ."

ಮುತ್ತೈದೆಯರು ಸುತ್ತ ನಿಂತಿದ್ದರು. ಯಾರೂ ಬೇಡವೆನ್ನಲಿಲ್ಲ; ಅನ್ನುವ ಧೈರ್ಯವೂ ಯಲ್ಲಕ್ಕನ ಮುಂದೆ ಯಾರಿಗೂ ಇರಲಿಲ್ಲ. ಸೌಟಿನಿಂದ ಗಂಜಿ ಪಂಚೆಯ ಮೇಲೆ ಬಿತ್ತು, ಹರಡಿತು, ಒಂದು ಕಡೆ ಸೊಟ್ಟಗಾಯಿತು. ಬೆರಳಿಗೂ ಸ್ವಲ್ಪ ಚೆಲ್ಲಿತು. ಅವಳು ಅದನ್ನು ನೆಕ್ಕಿದಳು. ತೇಜಸ್ವಿನಿ ಅತ್ತೆಯ ಮುಖವನ್ನೇ ನೋಡಿದಳು.

"ಏನಾದ್ರೂ ಗೊತ್ತಾಯ್ತಾ ಅತ್ತೆ?"

"ಬಿಸಿ ಐತೆ," ಅಂದಳು ಮರುಳಸಿದ್ದಮ್ಮ, ಮತ್ತು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಎರಡನೆಯದಕ್ಕೆ ಸೌಟು ಅದ್ದಿದಳು.